ಕರಾಕಶ್‌ಳ ಬಿಡುಗಡೆ

ಬೇಟೆಗೆ ಪಳಗಿಸಿದ ಹದ್ದನ್ನು ಹತ್ತು ಚಳಿಗಾಲ ಕಳೆದ ಮೇಲೆ ಬೆಟ್ಟಕ್ಕೆ ಬಿಟ್ಟುಬಿಡಬೇಕು. ಇಸಿಕ್‌ಕುಲ್ ಸರೋವರದ ದಕ್ಷಿಣ ದಂಡೆಯ ಹಳ್ಳಿಗಳಲ್ಲಿ ಇದು ಹಿರಿಯರ ಕಟ್ಟಳೆ. ಸಗಿನ್ ಮುದುಕನಿಗೆ ಕಟ್ಟಳೆ ಚೆನ್ನಾಗಿ ಗೊತ್ತಿತ್ತು. ತನ್ನ ಹದ್ದು ಕರಾಕಶ್‌ಳ ಎಣಿಕೆ ಮಾತ್ರ ಮೂರು ವರ್ಷದಿಂದ ಒಂಬತ್ತಕ್ಕೇ ನಿಂತಿತ್ತು.

ನಿಂತದ್ದು ಹೆಂಡತಿ ಬೂರುಲ್ ತೀರಿಕೊಂಡ ಚಳಿಗಾಲದಲ್ಲಿ. "ಕರಾಕಶ್‌ಗೂ ಗೂಡು, ಮರಿ ಬೇಡ್ವಾ? ಮುಂದಿನ ವರ್ಷ ಬಿಟ್ಬಿಡಿ" ಎಂದು ಹಾಸಿಗೆಯಿಂದಲೇ ಮಾತು ತೆಗೆದುಕೊಂಡಿದ್ದಳು. ಹೂಂ ಅಂದಿದ್ದ. ಆಮೇಲೆ ನೋಡಿದರೆ, ಆ ಮನೆಯಲ್ಲಿ ಬೂರುಲ್‌ಳನ್ನು ಬಲ್ಲ ಜೀವ ಅವನನ್ನು ಬಿಟ್ಟರೆ ಆ ಹದ್ದೊಂದೇ.

ಆ ಬೆಳಿಗ್ಗೆ ವನ್ಯಜೀವಿ ಕಚೇರಿಯ ಎರ್ಮೆಕ್ ಮೊಬೈಲ್ ಹಿಡಿದು ಬಂದ. ಯಾವನೋ ಪ್ರವಾಸಿ ಕರಾಕಶ್‌ಳನ್ನು ತಲೆಯ ಮೇಲೆ ಕೂರಿಸಿಕೊಂಡು ಹಲ್ಲು ಕಿರಿದ ಫೋಟೋ ಊರೂರು ಸುತ್ತಿ ಕಚೇರಿಗೂ ತಲುಪಿತ್ತು. ಹಿಂದೆ ನಿಂತವನ ಕೋಟಿನ ಎಡತೋಳಿನ ಕೆಂಪು ತೇಪೆ ಅಂಚೆಯ ಅರಗಿನ ಮುದ್ರೆಯಂತೆ ಎದ್ದು ಕಾಣುತ್ತಿತ್ತು.

"ಅಜ್ಜಾ, ಈ ಕೋಟು ನಿಮ್ದು ತಾನೆ?"

"ಕೋಟು ನಂದೇ ಕಣಪ್ಪ. ಒಳಗಿರೋನು ಯಾರೋ."

ಬೇಲಿಯಾಚೆಯಿಂದ ನೆರೆಮನೆಯ ಕಾಲಿಪಾ ಕತ್ತು ಚಾಚಿದಳು. "ಸುಳ್ಳು ಯಾಕೆ ಭಾವಾ? ಆ ತೇಪೆ ಬೂರುಲಕ್ಕ ತನ್ನ ಮದುವೆ ಲಂಗ ಕತ್ತರಿಸಿ ಹೊಲಿದಿದ್ದು. ಅದರ ಮೇಲೆ ಮಾಂಸ ಇಟ್ಟು ಹನ್ನೆರಡು ವರ್ಷದಿಂದ ಹದ್ದಿಗೆ ತಿನ್ನಿಸ್ತಿಲ್ವಾ ನೀವು?"

"ಹನ್ನೆರಡಾ!" ಎರ್ಮೆಕ್‌ನ ಹುಬ್ಬು ಟೋಪಿಯೊಳಗೆ ಹೋಯಿತು. "ಇವತ್ತೇ ಬಿಡಿ. ಇಲ್ಲಾಂದ್ರೆ ಪಟ್ಟಣದ ಪಂಜರಕ್ಕೆ ಹಾಕ್ತೀನಿ."

ಪಂಜರ ಎಂದೊಡನೆ ಸಗಿನ್ ಎದ್ದ.

ಬಿಡುವ ದಿನ ಕುರಿ ಕೊಯ್ದು ಬೆಟ್ಟದ ಮೇಲಿಡಬೇಕು. ಹದ್ದು ತಿನ್ನುತ್ತಿರುವಾಗ ಹಿಂದಿರುಗಿ ನೋಡದೆ ಇಳಿಯಬೇಕು. ಇದ್ದದ್ದು ಒಂದೇ ಕುರಿ. ಅದಕ್ಕೆ ವಿಷಯ ತಿಳಿಯಿತೇನೋ, ಕಾಲಿಪಾಳ ಮನೆಗೆ ನುಗ್ಗಿ ಹಿಟ್ಟಿನ ಪಾತ್ರೆ ಉರುಳಿಸಿ, ಬೆಳ್ಳಗಾಗಿ ಸಿಕ್ಕಿಬಿತ್ತು. "ನನ್ನ ಹಿಟ್ಟು ಹೋಯ್ತು, ಇನ್ನು ನಾನೂ ಬರೋಳೇ" ಎಂದು ಅವಳೂ ಹೊರಟಳು.

ಬೆಟ್ಟದ ಮೇಲೆ ಕರಾಕಶ್‌ಳ ಕಣ್ಣಿಗೆ ಮುಚ್ಚಿದ್ದ ಟೋಪಿ ತೆಗೆದು, ಕೊಯ್ದ ಕುರಿಯ ಮುಂದೆ ಬಿಟ್ಟು, ಸಗಿನ್ ತಿರುಗಿ ನಡೆದ.

"ಹಿಂದೆ ನೋಡ್ಬೇಡಿ ಭಾವಾ!"

"ನೋಡ್ತಿಲ್ಲ ಮಾರಾಯ್ತಿ. ಅವಳೇ ಮುಂದೆ ಬಂದ್ಳು."

ಕರಾಕಶ್ ಕೂಳು ಕಂಡ ಕೋಳಿಯಂತೆ ಕುಪ್ಪಳಿಸುತ್ತ ದಾರಿಗೆ ಅಡ್ಡ ನಿಂತಿದ್ದಳು. ಮತ್ತೆ ಹತ್ತಿದರು, ಮತ್ತೆ ಇಳಿದರು. ಮೂರನೆಯ ಸಲ ಆಲಿಕಲ್ಲು ಸುರಿಯತೊಡಗಿತು. ತೆಳು ಸಮವಸ್ತ್ರದ ಎರ್ಮೆಕ್‌ನ ಹಲ್ಲು ಕಟಕಟ ಕುಟ್ಟುತ್ತಿದ್ದವು. ಸಗಿನ್ ಕೋಟು ಬಿಚ್ಚಿ ಅವನಿಗೆ ಹೊದಿಸಿದ.

"ಹಾಕ್ಕೋ. ನಿಮ್ಮಮ್ಮನಿಗೆ ಉತ್ತರ ಹೇಳೋರು ಯಾರು?"

ಈ ಸಲ ಕರಾಕಶ್ ಸಗಿನ್‌ನ ಹಿಂದೆ ಬರಲಿಲ್ಲ. ಎರ್ಮೆಕ್ ಕಾಗದದಲ್ಲಿ 'ಬಿಡುಗಡೆಯಾಗಿದೆ' ಎಂದು ಬರೆದು, ಸಗಿನ್‌ನ ರುಜು ಹಾಕಿಸಿ, "ಕೋಟು ನಾಳೆ ಕಳಿಸ್ತೀನಿ" ಎಂದು ಜೀಪು ಹತ್ತಿದ.

ಮನೆ ನಿಶ್ಶಬ್ದವಾಗಿತ್ತು. ಅಂಗಳದ ಗೂಟದ ಮೇಲೆ ಉಗುರಿನ ಗೀರುಗಳಷ್ಟೇ ಉಳಿದಿದ್ದವು. ಸಗಿನ್ ಚಹಾ ಬಗ್ಗಿಸಿದ. ಬಟ್ಟಲು ಎರಡಾದದ್ದು ಆಮೇಲೆ ಕಂಡಿತು. "ನಿನ್ನ ಮಾತು ನಡೆಸ್ದೆ ಕಣೇ" ಎಂದು ಎರಡನ್ನೂ ತಾನೇ ಕುಡಿದ.

ಹೊತ್ತು ಇಳಿಯುವಾಗ ಜೀಪು ವಾಪಸು ಬಂತು. ಬೆದರುಬೊಂಬೆಯಂತೆ ಕೈ ಚಾಚಿಕೊಂಡು ಎರ್ಮೆಕ್ ಇಳಿದ. ಎಡತೋಳಿನ ಕೆಂಪು ತೇಪೆಯ ಮೇಲೆ ಕರಾಕಶ್ ರಾಣಿಯಂತೆ ಕೂತಿದ್ದಳು.

"ಅಜ್ಜಾ, ಬಿಡಿಸ್ರೀ! ಕಚೇರಿ ಕಿಟಕಿಯಿಂದ ನುಗ್ಗಿದ್ಳು. ಸಾಹೇಬ್ರ ಊಟ ಪೂರ್ತಿ ತಿಂದ್ಳು!"

ಸಗಿನ್ ನಗು ನುಂಗಿದ. "ಏನ್ಮಾಡೋದು, ಇಲ್ಲೇ ಇರ್ಲಿ."

"ಆಗಲ್ಲ. ಕಾಗದದಲ್ಲಿ ಇವಳು ಬಿಡುಗಡೆಯಾಗಿದ್ದಾಳೆ. ಈಗಿವಳು ಕಾಡುಹಕ್ಕಿ, ಇಟ್ಕೊಂಡ್ರೆ ನಿಮಗೆ ಜೈಲು. ನಾಳೆ ಮತ್ತೆ ಬಿಡ್ಬೇಕು."

"ಕುರಿ?"

"ನಾನು ಕೊಡ್ತೀನಿ" ಎಂದಳು ಬೇಲಿಯಿಂದ ಕಾಲಿಪಾ. ಇವತ್ತು ಮೊದಲ ಬಾರಿಗೆ ಅವಳ ದನಿ ತಗ್ಗಿತ್ತು. "ಆದ್ರೆ ಅವಳು ಬರೋದು ನಿಮ್ಮ ಹಿಂದೆ ಅಲ್ಲ ಭಾವಾ, ಆ ತೇಪೆ ಹಿಂದೆ. ಮೊದಲು ಕೋಟನ್ನ ಒಲೆಗೆ ಹಾಕಿ. ಅದೂ ಹಳೇದಾಯ್ತು. ತೇಪೆ ಹಚ್ಚಿ ಎಷ್ಟು ಚಳಿಗಾಲ ಆಗಿರಬಹುದು?"

ಸಗಿನ್ ಕರಾಕಶ್‌ಳನ್ನು ಗೂಟಕ್ಕೇರಿಸಿ, ಎರ್ಮೆಕ್‌ನಿಂದ ಕೋಟು ಇಸಿದುಕೊಂಡು ತೊಟ್ಟು, ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡ.

"ಒಂಬತ್ತು" ಎಂದ.