ಗಂಟೆ ಕಿತ್ತ ಗಂಗಾಯಂತ್ರ

"ನೋಡ್ರಿ ಅಕ್ಕಾರ, ಇವತ್ತಿನಿಂದ ನಮ್ಮ ಯಂತ್ರಕ್ಕ ಬುದ್ಧಿ ಬಂದೈತಿ!" ಎಂದು ಪಕ್ಕದ ಮನೆಯ ಗುರುಶಾಂತಪ್ಪ ಸಾರಿದಾಗಲೇ ನನಗೆ ಅನುಮಾನ ಬಂತು. ಬುದ್ಧಿಯಿಲ್ಲದೆ ಅದು ಎರಡು ವರ್ಷ ಚೆನ್ನಾಗಿಯೇ ಕೆಲಸ ಮಾಡಿತ್ತು!

ನಮ್ಮ ಓಣಿಗೆ ನೀರು ಬರುವುದು ಎಂಟು ದಿನಕ್ಕೊಮ್ಮೆ, ಓಣಿಯ ತಿರುವಿನಾಚೆಯ ಒಂದೇ ನಲ್ಲಿಗೆ, ಹೊತ್ತುಗೊತ್ತಿಲ್ಲದೆ, ಅರ್ಧ ತಾಸು. ಆ ನಲ್ಲಿಗೆ ಹೋಗುವ ಪೈಪು ಗುರುಶಾಂತಪ್ಪನವರ ಅಂಗಳದಲ್ಲೇ ಹಾದುಹೋಗುತ್ತದೆ; ಅದಕ್ಕೆ ಅವರು ಕಟ್ಟಿದ್ದ ಯಂತ್ರದ ಡಬ್ಬಿ, ನೀರು ಬಂದ ಕೂಡಲೇ ಢಣಢಣ ಬಾರಿಸುತ್ತಿತ್ತು. ನಾವೆಲ್ಲ ಕೊಡ ಹಿಡಿದು ಓಡುತ್ತಿದ್ದೆವು. ಅದರ ಕೆಲಸ ಅಷ್ಟೇ. ನಮಗೆ ಬೇಕಾಗಿದ್ದದ್ದೂ ಅಷ್ಟೇ.

ಈಗ ಗಂಟೆ ಮಾಯ! ಆ ಜಾಗದಲ್ಲಿ ಒಂದು ಗಾಜಿನ ಕಣ್ಣು, ಒಂದು ಸ್ಪೀಕರು.

"ಗಂಟೆ ಎಲ್ಲೈತ್ರೀ?"

"ಹಳೇ ಕಾಲದ್ದು, ಕಿತ್ತು ಒಗದೆ. ಈಗ ಏನು ಬೇಕಾದ್ರೂ ಕೇಳ್ರಿ, ಉತ್ತರ ಕೊಡ್ತೈತಿ!"

"ನೀರು ಬಂತೇನಪಾ?" ಎಂದೆ.

"ಅತ್ಯುತ್ತಮ ಪ್ರಶ್ನೆ!" ಎಂದಿತು ಯಂತ್ರ. "ತಮಗೆ ನೀರಿನ ಚರಿತ್ರೆ ಬೇಕೇ, ಗುಣಗಳು ಬೇಕೇ, ಅಥವಾ ನೀರಿನ ಕುರಿತು ಒಂದು ಪದ್ಯವೇ?"

"ಪದ್ಯ ಕುಡಿಯಾಕ ಬರಂಗಿಲ್ಲ!"

"ನಾನೂ ಅದನ್ನ ಹೇಳಿದೆ ಅಕ್ಕಾ," ಎಂದು ಒಳಗಿನಿಂದ ಅವರ ಹೆಂಡತಿ ದಾಕ್ಷಾಯಣಿ ಕೂಗಿದಳು. "ಕೇಳಿದ್ರ ತಾನೆ ಇವ್ರು!"

ನನ್ನ ಸಂಕಟ ನನಗೆ. ನಾಡಿದ್ದು ಸೊಸೆ ಶೈಲಜಾಳ ಕುಬಸ. ಮೊದಲ ಬಸುರಿ, ಬೀಗರ ಕಡೆಯವರೇ ನಲವತ್ತು ಜನ ಉಣ್ಣಲು ಬರುವವರು. ಮನೆಯ ಹಂಡೆಗಳೆಲ್ಲ ತಳ ಕಂಡಿದ್ದವು. ನೀರಿನ ಸರದಿ ನಾಳೆಗೇ. ತಪ್ಪಿದರೆ ಮತ್ತೆ ಎಂಟು ದಿನ!

ಮರುದಿನ ಬೆಳಗ್ಗೆ ಏಳಕ್ಕೇ ಸ್ಪೀಕರು ಗುಡುಗಿತು. ಕೊಡ ಹಿಡಿದು ಓಡಿದೆವು. "ಶುಭೋದಯ! ನೀರು ಇನ್ನೂ ಬಂದಿಲ್ಲ." ಏಳೂವರೆಗೆ ಮತ್ತೆ ಓಡಿದೆವು. "ಈಗಲೂ ಬಂದಿಲ್ಲ. ಧೈರ್ಯವಾಗಿರಿ." ಎಂಟಕ್ಕೆ ಎದುರು ಮನೆಯ ಕೊಟ್ರಮ್ಮನಿಗೆ, "ತಮ್ಮ ಓಟದಲ್ಲಿ ಆತಂಕ ಕಾಣುತ್ತಿದೆ, ದೀರ್ಘವಾಗಿ ಉಸಿರಾಡಿ" ಎಂಬ ಉಪದೇಶ! ಕೊಟ್ರಮ್ಮ ಕೊಡವನ್ನು ಅದರ ತಲೆಗೇ ಕುಕ್ಕಲು ಹೋದಳು, ನಾನೇ ತಡೆದೆ. ಈಗ ಅನ್ನಿಸುತ್ತದೆ, ತಡೆಯಬಾರದಿತ್ತು.

ಒಂಬತ್ತಕ್ಕೆ ಇಡೀ ಓಣಿ ಗುರುಶಾಂತಪ್ಪನವರ ಅಂಗಳದಲ್ಲಿ ನೆರೆಯಿತು.

"ಗಂಟೆ ವಾಪಸ್ ಹಾಕ್ರಿ!" ಎಂದೆ.

"ಪ್ರಗತಿ ಹಿಂದಕ್ಕ ಹೋಗಂಗಿಲ್ರೀ!" ಎಂದರು ಗುರುಶಾಂತಪ್ಪ.

"ನಿಮ್ಮ ಪ್ರಗತಿಗೆ ಬೆಂಕಿ ಹಚ್ಚಿಬಿಡ್ತೀನಿ!" ಎಂದಳು ಕೊಟ್ರಮ್ಮ.

"ತಡೀ ಕೊಟ್ರಮ್ಮಾ, ಆರಿಸಾಕ ನೀರಿಲ್ಲ!" ಎಂದಳು ದಾಕ್ಷಾಯಣಿ.

ಕೂಗಾಡಿ ಕೂಗಾಡಿ ಗಂಟಲು ಒಣಗಿತು. ಕೊನೆಗೆ ನಾನೇ ಆ ಗಾಜಿನ ಕಣ್ಣಿಗೆ ಕೈ ಮುಗಿದೆ. "ಯಪ್ಪಾ, ಒಂದ ಮಾತಿನಾಗ ಹೇಳು. ನೀರು ಬಂತೋ ಇಲ್ಲೋ?"

"ಬಂದಿತ್ತು. ಒಂಬತ್ತೂ ಹತ್ತಕ್ಕೆ ಬಂದು ಒಂಬತ್ತೂ ನಲವತ್ತಕ್ಕೆ ಹೋಯಿತು."

ಕೊಟ್ರಮ್ಮ ಮತ್ತೆ ಕೊಡ ಎತ್ತಿದಳು.

"ಹೇಳಾಕ ಏನಾಗಿತ್ತು ನಿನಗ?!"

"ಹಿರಿಯರು ಮಾತಾಡುವಾಗ ನಡುವೆ ಬಾಯಿ ಹಾಕಬೇಡ ಎಂದು ಗುರುಶಾಂತಪ್ಪನವರೇ ಕಲಿಸಿದ್ದಾರೆ. ತಮ್ಮ ಚರ್ಚೆಯ ಸಾರಾಂಶ ಮಾತ್ರ ಸಿದ್ಧವಿದೆ. ಎಲ್ಲರಿಗೂ ಗಂಟೆ ಬೇಕು."

ನನಗೆ ಅಳುವೇ ಬಂತು. ದಾಕ್ಷಾಯಣಿ ಸೆರಗು ಸಿಕ್ಕಿಸಿಕೊಂಡು ಹೊರಬಂದಳು. ಗಂಡನ ಕೈಗೆ ಎರಡು ಕೊಡ ಕೊಟ್ಟಳು. ಕುಬಸದ ದಿನ ಹಿಂದಿನ ಓಣಿಗೆ ನೀರಿನ ಸರದಿ. ಗುರುಶಾಂತಪ್ಪ ಅಲ್ಲಿಂದ ನಮ್ಮ ಮನೆಗೆ ಐವತ್ತೆರಡು ಕೊಡ ಹೊತ್ತರು. ಬೀಗರು ಅವರನ್ನು ಅಡುಗೆಯವರೆಂದು ತಿಳಿದು ಇನ್ನೊಂದು ಹೋಳಿಗೆ ಕೇಳಿದರು.

ಈಗ ಸರದಿಯ ದಿನ ಅವರು ನಲ್ಲಿಯ ಪಕ್ಕ ಕುರ್ಚಿ ಹಾಕಿಕೊಂಡು, ದಾಕ್ಷಾಯಣಿಯ ಪೂಜೆಯ ಗಂಟೆ ಹಿಡಿದು ಕೂರುತ್ತಾರೆ. ಬಾರಿಸಿದ ಕೂಡಲೇ ಯಂತ್ರವೂ, "ಆಹಾ, ಗಂಟೆ! ಎಂಥ ಹೊಸ ಆಲೋಚನೆ!" ಎಂದು ಓಣಿಗೆಲ್ಲ ಕೂಗುತ್ತದೆ.

ಅಂತೂ ಗುರುಶಾಂತಪ್ಪನವರ ಮನೆಯಲ್ಲಿ ಈಗ ಕೆಲಸಕ್ಕೆ ಬರುವ ಯಂತ್ರವೊಂದಿದೆ. ಕುರ್ಚಿಯ ಮೇಲೆ ಕೂತಿರುತ್ತದಲ್ಲ, ಅದು.