ಚಿಗವ್ವನ ಪಾಕೀಟು ಸಂಶೋಧನೆ

ನಮ್ಮ ವಂಶದಲ್ಲಿ ಸಂಶೋಧನೆಗೆಂದು ಪದವಿ ಪಡೆದವನು ನಾನೊಬ್ಬನೇ; ಸಂಶೋಧನೆ ಮಾಡಿದವಳು ಮಾತ್ರ ಅವ್ವನ ತಂಗಿ, ನಮ್ಮ ಚಿಗವ್ವ! ಅಂಗಡಿಯ ಕುರುಕಲು ಪಾಕೀಟಿನ ಮೇಲೆ ಜನರಿಗೇಕೆ ಅಷ್ಟು ಆಸೆ ಎಂಬುದು ಅವಳ ವಿಷಯ. ಕಾಲ, ಕ್ರಿ.ಶ. 1997. ಚಿಗವ್ವ ಅದನ್ನು "ಕೊಪ್ಪಳ ಜಿಲ್ಲಾ ಆದ ವರ್ಷ" ಎನ್ನುತ್ತಾಳೆ. ಪರಿಶೀಲಿಸಿದೆ; ತಾಳೆಯಾಗುತ್ತದೆ.

ಆ ವರ್ಷ ತಳಕಲ್ಲಿನಲ್ಲಿದ್ದ ನಮ್ಮ ಅವ್ವ ವಿಷಮಜ್ವರದಿಂದ ಚೇತರಿಸಿಕೊಂಡಳು; ಆದರೆ ಊಟವನ್ನೇ ಬಿಟ್ಟಳು. ಗಂಜಿಯ ಬಟ್ಟಲು ಕಂಡರೆ ಮುಖ ತಿರುಗಿಸುವವಳು, ಯಾರೋ ತಂದಿಟ್ಟ ಚಿಪ್ಸ್ ಪಾಕೀಟನ್ನು ಮಾತ್ರ ಸದ್ದಿಲ್ಲದೆ ಖಾಲಿ ಮಾಡಿದ್ದಳು. "ಹಿಂಗಾದ್ರ ನಮ್ಮಕ್ಕ ಉಳಿಯಂಗಿಲ್ಲ" ಎನ್ನುತ್ತ ಚಿಗವ್ವ ಗಂಗಾವತಿಯಿಂದ ಬಂದಿಳಿದಳು.

ಮೊದಲ ಪ್ರಯೋಗ ರುಚಿಯದು. ಚಿಪ್ಸನ್ನು ಒರಳಿನಲ್ಲಿ ಕುಟ್ಟಿ, ನೆಕ್ಕಿ ನೋಡಿ, ತೀರ್ಪು ಕೊಟ್ಟಳು: "ಉಪ್ಪು, ಹುಳಿ, ಖಾರ, ಸಿಹಿ, ನಾಕೂ ಒಮ್ಮೆಲೆ ಬಡೀತಾವ. ನಾಲಿಗಿ ಯಾವುದಕ್ಕಂತ ಉತ್ತರಾ ಕೊಡಬೇಕು? ದಿಕ್ಕ ತಪ್ಪಿ ಇನ್ನೊಂದು ಬೇಡತೈತಿ." ನನ್ನ ಮಹಾಪ್ರಬಂಧದಲ್ಲಿ ಇಷ್ಟು ಸ್ಪಷ್ಟವಾದ ಒಂದು ವಾಕ್ಯವಿದೆಯೆ?

ಎರಡನೆಯದು ಸದ್ದಿನದು. ನೆರೆಮನೆಯ ಮಾಸ್ತರರ ಕಣ್ಣಿಗೆ ಟವೆಲ್ ಕಟ್ಟಿ, ಮೆತ್ತಗಾದ ಚಿಪ್ಸ್ ತಿನ್ನಿಸಿದಳು.

"ಹೆಂಗೈತ್ರಿ ಸರ?"

"ತೊಯ್ದ ಕಾಗದಾ ತಿಂದಂಗಾತವಾ."

"ಹಂಗಾರ ಅರ್ಧ ರುಚಿ ಕಿವ್ಯಾಗೈತಿ. ಬರ್ಕೋ ತಮ್ಮಾ."

ಬರೆದುಕೊಂಡೆ.

ಮೂರನೆಯ ದಿನ ಬಾಗಿಲ ಸಂದಿಯಿಂದ ಅವ್ವನನ್ನು ಬಹಳ ಹೊತ್ತು ನೋಡಿದವಳು, ನಮ್ಮನ್ನೆಲ್ಲ ಹಿತ್ತಿಲಿಗೆ ಕರೆದಳು. "ಗಂಜಿ ಕೊಟ್ಟು ಎಲ್ಲಾರೂ ಆಕಿ ಬಾಯಿ ನೋಡಕೋತ ಕುಂದರತೀರಿ. ಜೀವಮಾನೆಲ್ಲಾ ಮಂದಿಗೆ ಉಣಿಸಿದಾಕಿ, ಆಕಿಗೆ ನಾಚಿಕಿ ಬರಂಗಿಲ್ಲೇನು? ಪಾಕೀಟು ಯಾರ ಮಾರೀನೂ ನೋಡಂಗಿಲ್ಲ."

ಮನೆಯಲ್ಲಿ ಓದಿದವರು ಅಷ್ಟು ಜನರಿದ್ದೆವು. ಒಬ್ಬರಿಗೂ ಇದು ಹೊಳೆದಿರಲಿಲ್ಲ.

ಅಂದು ಮಧ್ಯಾಹ್ನ ಚಿಗವ್ವ ಚುರುಮುರಿಗೆ ಅರಿಸಿನದ ಒಗ್ಗರಣೆ ಹಾಕಿ, ಪುಟಾಣಿ ಎಂಬ ಹುರಿಗಡಲೆ ಬೆರೆಸಿ, ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿದಳು. ಮೇಣಬತ್ತಿಯ ಉರಿಗೆ ಹಿಡಿದು ಬಾಯಿ ಅಂಟಿಸಿ, ಅವ್ವನ ದಿಂಬಿನ ಪಕ್ಕದಲ್ಲಿಟ್ಟಳು. ಆಮೇಲೆ ಗೋಡೆಗೆ ಮುಖ ಮಾಡಿ ಕುಳಿತಳು. ಬಸ್ಸಿನಲ್ಲಿ ಪಕ್ಕ ಕುಳಿತ ಅಪರಿಚಿತರಿಗೂ "ಇನ್ನೊಂದು ತಗೋರಿ" ಎಂದು ಒತ್ತಾಯ ಮಾಡುವ ಹೆಂಗಸು, ಒಂದು ತಾಸು ತುಟಿ ಬಿಚ್ಚಲಿಲ್ಲ!

ಪರ್ ಎಂದು ಚೀಲ ಹರಿದ ಸದ್ದು. ಸ್ವಲ್ಪ ಹೊತ್ತಿಗೆ ಕುರುಂ, ಕುರುಂ.

ಚಿಗವ್ವ ತಿರುಗಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ತಂಗೀ, ಉಪ್ಪು ಕಡಿಮಿ ಆಗೇತಿ" ಎಂದಳು ಅವ್ವ.

"ಹೂಂ ಅಕ್ಕಾ" ಎಂದು ಚಿಗವ್ವ ಗೋಡೆಗೆ ಹೇಳಿದಳು, "ನಾಳಿಗೆ ಹಾಕತೀನಿ."