ಭಜನೆ ಗಿಟಾರಿಗೊಂದು ಪೆಡಲ್

ಕಲ್ಲಾಗಿ ಕೂತು ನಮ್ಮ ಅಪಸ್ವರವನ್ನೂ ಕೇಳಿಸಿಕೊಳ್ಳುವ ಕಳಸೇಶ್ವರನಿಗೆ ಮೊದಲ ನಮಸ್ಕಾರ. ಕೇಳಿಯೂ ಎದ್ದು ಹೋಗದ ಅವನ ಕರುಣೆಗೆ ಇನ್ನೊಂದು.

ನಾನು ಭಕ್ತಿಯಿಂದ ಏನು ಮಾಡಹೊರಟರೂ ಹೀಗೇ ಆಗುತ್ತದೆ. ಒಂದಾದ ಮೇಲೊಂದು ಆಗುತ್ತಲೇ ಇರುತ್ತದೆ.

ತೊಂಬತ್ತರ ದಶಕದ ಮಾತು. ಕಳಸದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರು, ಅಂದರೆ ಲೆಕ್ಕ ಬರೆಯುವ ಗುಮಾಸ್ತ. ಹಗಲು ಆಳುಗಳ ಹಾಜರಿ, ಸಂಜೆ ಭಜನಾ ಮಂಡಳಿ. ಪ್ಲಾಂಟರ್ಸ್ ಕ್ಲಬ್ಬಿನ ಬ್ಯಾಂಡು ನಿಂತುಹೋದಾಗ ಅಲ್ಲಿದ್ದ ಎಲೆಕ್ಟ್ರಿಕ್ ಗಿಟಾರನ್ನೂ ಸ್ಪೀಕರನ್ನೂ ನಮ್ಮ ಸಾಹುಕಾರರು ತಂದು ನನಗೆ ಕೊಟ್ಟಿದ್ದರು. ಅದನ್ನು ಹಿಡಿದು ಗರ್ಭಗುಡಿಯ ಎದುರಿನ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂರುವುದು ಬಿಟ್ಟರೆ ನನಗೆ ಬೇರೆ ಸುಖ ಬೇಕಿರಲಿಲ್ಲ.

ಒಂದು ಸಂಜೆ ಮಂಡಳಿಯ ಅಧ್ಯಕ್ಷರು ಅಂದರು, “ಎಂತ ಮಾರಾಯ ಇದು, ಬೇಲಿ ತಂತಿ ಎಳೆದಂಗೆ ಕೇಳ್ತದೆ! ಶಿವರಾತ್ರಿ ಒಳಗೆ ಸರಿ ಮಾಡ್ಕೊ. ಇಲ್ಲಾಂದ್ರೆ ಕೀಬೋರ್ಡ್ ತರಿಸ್ತೀವಿ.”

ಮೂಡಿಗೆರೆಯ ಆರ್ಕೆಸ್ಟ್ರಾದವರೊಬ್ಬರನ್ನು ಕೇಳಿದೆ. “ಒಂದು ಪೆಡಲ್ ತಗೊಳ್ಳಿ ರೈಟ್ರೇ. ಅಂಗೈಯಗಲದ ಕಬ್ಬಿಣದ ಡಬ್ಬಿ. ಗಿಟಾರಿಗೂ ಸ್ಪೀಕರಿಗೂ ಮಧ್ಯ ಸಿಕ್ಕಿಸೋದು, ಒತ್ತಿದ್ರೆ ದನಿಯೇ ಬೇರೆ” ಅಂದರು. ಯಾವ ಪೆಡಲ್ ಅಂತ ಮಾತ್ರ ಹೇಳಲಿಲ್ಲ.

ಬಾಯಿಯ ಡೆಮೊ

ಚಿಕ್ಕಮಗಳೂರಿನ ಅಂಗಡಿಯ ಗಾಜಿನ ಕಪಾಟಿನಲ್ಲಿ, ತಬಲದ ಸುತ್ತಿಗೆಯ ಪಕ್ಕ ಪೆಡಲ್‌ಗಳಿದ್ದವು. ಅವತ್ತು ಊರಲ್ಲೇ ಕರೆಂಟಿರಲಿಲ್ಲ.

“ಕೇಳಿ ನೋಡದೆ ಹೇಗೆ ತಗೊಳ್ಳೋದು?”

“ಅದಕ್ಕೆಂತ ಕರೆಂಟು? ನಾನಿಲ್ವಾ?” ಅಂದವರೇ ಅಂಗಡಿಯವರು ಒಂದೊಂದನ್ನೇ ಎತ್ತಿಹಿಡಿದು ಬಾಯಲ್ಲಿ ನುಡಿಸಿದರು. “ಇದು ಡಿಲೇ: ಟಣ್... ಟಣ್... ಟಣ್. ಇದು ಕೋರಸ್: ವಂಯ್‌ವಂಯ್. ಇದು ಡಿಸ್ಟಾರ್ಷನ್...” ಕಣ್ಣು ಮುಚ್ಚಿ, ಹೊಟ್ಟೆಯಾಳದಿಂದ ಒಂದು ‘ಘ್ರಾಂ’ ಎಳೆದರು. ಸಾಕ್ಷಾತ್ ಓಂಕಾರ! ನನ್ನ ಮೈ ನವಿರೆದ್ದಿತು. ಅದನ್ನೇ ಕಟ್ಟಿಸಿಕೊಂಡೆ.

ಮನೆಗೆ ಬಂದು ಸಿಕ್ಕಿಸಿ ತಂತಿ ಮೀಟಿದ ಮೇಲೆ ತಿಳಿಯಿತು: ನಾನು ತರಬೇಕಾಗಿದ್ದದ್ದು ಡಬ್ಬಿಯನ್ನಲ್ಲ, ಅಂಗಡಿಯವರನ್ನು.

ಒಣ ಪಲ್ಪರ್

ಆದರೂ ಸಾಧನೆಯಿಂದ ಒಲಿದೀತೆಂದು ದಿನಾ ಕೂತೆ. ನನ್ನ ಕ್ವಾರ್ಟರ್ಸು ಇದ್ದದ್ದು ಪಲ್ಪರ್ ಮನೆಯ ಹಿಂದೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಆ ಯಂತ್ರಕ್ಕೆ ನೀರು ನಿಂತರೆ ಗರಗರ ಅರಚುತ್ತದೆ. ಹಾಗೇ ಓಡಿಸಿದರೆ ಬೀಜವೆಲ್ಲ ಪುಡಿ.

ನಾನು ಗಣೇಶಸ್ತುತಿ ಶುರುಮಾಡಿದ್ದೆನಷ್ಟೆ. ಹೊರಗೆ ಮೇಸ್ತ್ರಿಯ ಕೂಗು: “ಅಯ್ಯಯ್ಯೋ, ಪಲ್ಪರಿಗೆ ನೀರಿಲ್ಲ! ಆಫ್ ಮಾಡ್ರೋ!” ಓಡಿಬಂದು ಮೇನ್ ಸ್ವಿಚ್ಚನ್ನೇ ಕಿತ್ತರು. ಸ್ತುತಿ ನಿಂತಿತು. ಅರಚಾಟವೂ ನಿಂತಿತು. “ನೋಡಿದ್ರಾ ರೈಟ್ರೇ, ಸಮಯಕ್ಕೆ ಬಂದೆ!” ಅಂದರು ಬೆವರೊರೆಸುತ್ತ. ನಾನು ಗಿಟಾರು ತೋರಿಸಿದೆ. ಮೇಸ್ತ್ರಿ ಬಹಳ ಹೊತ್ತು ಅದನ್ನೇ ನೋಡಿ, “ಇದಕ್ಕೂ ಸ್ವಲ್ಪ ನೀರು ಬಿಡಿ” ಅಂದು ಹೋದರು.

ಮುಂದಿನ ವಾರ ಪಲ್ಪರ್ ನಿಜವಾಗಿಯೇ ಒಣಗಿ ಅರಚಿತು. ಯಾರೂ ಕದಲಲಿಲ್ಲ. “ಸುಮ್ನಿರಿ, ರೈಟ್ರು ದೇವರ ನಾಮ ಹೇಳ್ತಿದಾರೆ” ಅಂದರಂತೆ ಮೇಸ್ತ್ರಿ.

ಹೂವಿನ ತೀರ್ಪು

ಡಬ್ಬಿ ಬದಲಿಸಿಕೊಡಲು ಅಂಗಡಿಯವರು ಒಪ್ಪಿದರು. ಡಿಲೇನೋ ಕೋರಸ್ಸೋ? ಮನುಷ್ಯರ ಬಾಯಿ ನಂಬಿ ಕೆಟ್ಟಿದ್ದೆ. ದೇವರನ್ನೇ ಕೇಳೋಣವೆಂದು ಗುಡಿಗೆ ಹೋದೆ. ನಮ್ಮಲ್ಲಿ ದೇವರ ಮೇಲೆ ಹೂವಿಟ್ಟು ಪ್ರಸಾದ ಕೇಳುವುದುಂಟು: ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ.

“ಎಂತ ಕೇಳ್ಬೇಕು? ಜಾಗ, ಬಾವಿ, ಸಂಬಂಧ?” ಅಂದರು ಅರ್ಚಕರು.

“ಡಿಲೇ ಪೆಡಲ್ ತಗೊಳ್ಳಲೋ ಅಂತ.”

ಅರ್ಚಕರು ನನ್ನನ್ನು ನೋಡಿದರು, ದೇವರನ್ನು ನೋಡಿದರು, “ಅವನಿಗೇ ಗೊತ್ತು” ಅಂದು ಹೂವಿಟ್ಟರು. ಹೂವು ಬೀಳಲೇ ಇಲ್ಲ. ಅಷ್ಟರಲ್ಲಿ ಮಗಳ ಸಂಬಂಧ ಕೇಳಲು ಬಂದ ಗಂಡ-ಹೆಂಡತಿ ನನ್ನ ಹಿಂದೆ ಕೈಮುಗಿದು ನಿಂತರು. ತಟಕ್ಕನೆ ಹೂವು ಬಲಕ್ಕೆ ಬಿತ್ತು.

“ಆಯ್ತಲ್ಲ, ಹುಡುಗ ಒಪ್ಪಿಗೆ!” ಅಂದು ಆಕೆ ಕಣ್ಣೊರೆಸಿಕೊಂಡರು. “ಅಮ್ಮಾ, ಅದು ನನ್ನ ಹೂವು” ಅನ್ನುವುದರೊಳಗೆ ಇಬ್ಬರೂ ಮೆಟ್ಟಿಲಿಳಿದಾಗಿತ್ತು.

ಆ ಮಗಳೂ ಅಳಿಯನೂ ಈಗಲೂ ಸುಖವಾಗಿದ್ದಾರೆ. ಅವರದು ಡಿಲೇ ಪೆಡಲಿನ ಮೇಲೆ ನಿಂತ ಸಂಸಾರ ಅಂತ ನನಗೂ ದೇವರಿಗೂ ಮಾತ್ರ ಗೊತ್ತು.

ಶಿವರಾತ್ರಿ

ಡಿಲೇಯನ್ನೇ ತಂದೆ. ಟಣ್ ಅಂದರೆ ಮೂರು ಸಲ ಟಣ್. ಒಮ್ಮೆ ನಾಮ ಹೇಳಿದರೆ ಮೂರು ಪಟ್ಟು ಪುಣ್ಯ. ಆದರೆ ಚರಣ ಬಂದಾಗ ಆರಿಸಬೇಕು, ಪಲ್ಲವಿಗೆ ಮತ್ತೆ ಹಾಕಬೇಕು. ಇಲ್ಲದಿದ್ದರೆ ದನಿಯ ಮೇಲೆ ದನಿ ಬಿದ್ದು ಗೋಜಲು.

ಭಜನೆಗೆ ಹೊರಡುವಾಗ ನೋಡುತ್ತೇನೆ, ನನ್ನ ಹೆಂಡತಿ ಪೆಡಲನ್ನು ದೇವರ ಮುಂದಿಟ್ಟು, ಗಂಧ ಕುಂಕುಮ ಹಚ್ಚಿ, ಹೂವೇರಿಸಿದ್ದಾಳೆ. “ವಾದ್ಯ ಅಂದ್ರೆ ಸರಸ್ವತಿ ಅಲ್ವಾ?”

“ಅಲ್ಲ ಮಾರಾಯ್ತಿ, ಇದನ್ನ ಕಾಲಲ್ಲಿ ಮೆಟ್ಟಬೇಕು!”

“ಏನಂದ್ರಿ? ಸರಸ್ವತಿಯನ್ನ?”

ಅಲ್ಲಿಗೆ ಮುಗಿಯಿತು. ಗುಡಿಯಲ್ಲಿ ಪಲ್ಲವಿ ಬಂದಾಗ ಕಾಲೆತ್ತಿದೆ, ಕಾಲು ಇಳಿಯಲಿಲ್ಲ. ಬೇರೆ ದಾರಿಯಿಲ್ಲದೆ ಬಗ್ಗಿ ಕೈಯಲ್ಲಿ ಒತ್ತಿದೆ. ಚರಣಕ್ಕೆ ಮತ್ತೆ ಬಗ್ಗಿದೆ. ಎದುರಿನ ಸಾಲಿನ ಅಜ್ಜಿ ನಾನು ನೆಲ ಮುಟ್ಟಿ ನಮಸ್ಕರಿಸುತ್ತಿದ್ದೇನೆಂದು ತಿಳಿದು ತಾವೂ ಬಗ್ಗಿದರು. ಅವರನ್ನು ನೋಡಿ ಸಾಲು ಬಗ್ಗಿತು, ಸಾಲನ್ನು ನೋಡಿ ಸಭೆ. ಪಲ್ಲವಿಗೊಮ್ಮೆ, ಚರಣಕ್ಕೊಮ್ಮೆ ಇಡೀ ಗುಡಿ ಬಗ್ಗಿ ಎದ್ದಿತು. ಸೊಂಟನೋವಿನ ಅಧ್ಯಕ್ಷರು ಒಮ್ಮೆ ಬಗ್ಗಿದವರು ಮಂಗಳಾರತಿಯವರೆಗೂ ಹಾಗೇ ಇದ್ದರು.

ಕೊನೆಗೆ ಇಬ್ಬರು ಹಿಡಿದು ಎತ್ತಿದಾಗ ಅವರ ಕಣ್ಣಲ್ಲಿ ನೀರು. ಮೈಕ್ ಹಿಡಿದರು. ‘ಗಿಟಾರು ಉಳಿಯಿತು ಸ್ವಾಮಿ’ ಅಂದುಕೊಂಡೆ.

“ಇಂಥ ಭಕ್ತಿ ನಾನು ನೋಡಿದ್ದಿಲ್ಲ. ಇವರನ್ನ ವೈರಿನ ಮಧ್ಯೆ ಮೂಲೆಯಲ್ಲಿ ಕೂರಿಸಿದ್ದು ನಮ್ಮ ಪಾಪ! ಇವತ್ತಿಂದ ಇವರೇ ಮಂಡಳಿಯ ಗೌರವಾಧ್ಯಕ್ಷರು. ಮುಂದಿನ ಸಾಲಲ್ಲಿ ಶಾಲು ಹೊದ್ದು ಕೂತರೆ ಸಾಕು, ಯಾವ ವಾದ್ಯವನ್ನೂ ಮುಟ್ಟಕೂಡದು.”

ಗುಡಿಯೆಲ್ಲ ಚಪ್ಪಾಳೆ. ಗೌರವಾಧ್ಯಕ್ಷನಾಗಿ ನಾನು ಮಾಡಿದ ಮೊದಲ ಕೆಲಸ ಮುಂದಿನ ಸೋಮವಾರ ನಡೆಯಿತು: ದೀಪ ಹಚ್ಚಿ ಕೀಬೋರ್ಡಿನ ಉದ್ಘಾಟನೆ.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ಆ ಸ್ವಾಮಿ ಒಳ್ಳೆಯದು ಮಾಡಲಿ. ನೀವು ಬೇಡಿದ್ದನ್ನೇ ಕೊಡಲಿ. ಅದಕ್ಕಿಂತ ದೊಡ್ಡದನ್ನು ಕೊಡದಿರಲಿ.